ಸೆನ್ಸರ್ ಬೆಂಕಿ ಆರಿಸುವುದಿಲ್ಲ: ಕಾಡ್ಗಿಚ್ಚು ಪತ್ತೆ ಜಾಲದ ಸುತ್ತಲಿನ ತಪ್ಪು ಕಲ್ಪನೆಗಳು

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಸುಮಾರು 4,400 ಹೆಕ್ಟೇರ್ ಕಾಡನ್ನು ಸುಟ್ಟಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನ ಇಳಿಜಾರುಗಳು ಕರಕಲಾದವು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು.

ಇಂಥ ಪ್ರತಿ ಬೇಸಿಗೆಯಲ್ಲೂ ಒಂದು ಮಾತು ಕೇಳಿಬರುತ್ತದೆ: ‘ಇಷ್ಟೆಲ್ಲ ತಂತ್ರಜ್ಞಾನ ಇದೆಯಲ್ಲ, ಕಾಡಿಗೆಲ್ಲ ಸೆನ್ಸರ್ ಹಾಕಿದರೆ ಮುಗಿಯಿತಲ್ಲವೇ?’ ಸೆನ್ಸರ್‌ನಿಂದ ಉಪಯೋಗವಿದೆ, ಸಂಶಯವಿಲ್ಲ. ಆದರೆ ಅದು ಏನು ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದರ ಬಗ್ಗೆ ಸಾಕಷ್ಟು ತಪ್ಪು ತಿಳಿವಳಿಕೆಯೂ ಇದೆ. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ. ಹಾಗಾಗಿ ಸೆನ್ಸರ್ ನಡುಕಾಡಿನಲ್ಲಿರಬೇಕು.

ಸತ್ಯ: ಬಿದಿರನ್ನು ಉಜ್ಜಿ ಕಿಡಿ ಎಬ್ಬಿಸಬಹುದು, ನಿಜ. ಆದರೆ ಅದಕ್ಕೆ ಒಂದೇ ಜಾಗದಲ್ಲಿ ಬಿಡದೆ ಒತ್ತಿ ಉಜ್ಜಬೇಕು, ಹುಟ್ಟಿದ ಕೆಂಡವನ್ನು ಒಣ ನಾರಿನಲ್ಲಿಟ್ಟು ಊದಬೇಕು. ಗಾಳಿಗೆ ತೂಗುವ ಮೆಳೆಯಿಂದ ಇಷ್ಟು ಕೆಲಸ ನಿರೀಕ್ಷಿಸುವಂತಿಲ್ಲ. ಸಿಡಿಲನ್ನೂ ದೂರುವಂತಿಲ್ಲ. ನಮ್ಮಲ್ಲಿ ಗುಡುಗು ಸಿಡಿಲು ಜೋರಾಗುವುದು ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಯ ಜೊತೆಗೆ. ಕಾಡು ಹೆಚ್ಚು ಉರಿಯುವುದು ಅದಕ್ಕೂ ಮುಂಚೆ, ಫೆಬ್ರವರಿ-ಮಾರ್ಚ್‌ನಲ್ಲಿ.

ನಮ್ಮ ಕಾಡ್ಗಿಚ್ಚಿನ ಬಹುಪಾಲಿಗೆ ಮನುಷ್ಯನೇ ಕಾರಣ. ಎಸೆದ ಬೀಡಿ, ಜೇನು ಕೀಳಲು ಹಚ್ಚಿದ ಪಂಜು, ಹೊಸ ಹುಲ್ಲು ಚಿಗುರಲಿ ಎಂದು ಇಟ್ಟ ಕಿಡಿ, ಕಾಡಂಚಿನ ಹೊಲದಲ್ಲಿ ಸುಟ್ಟ ಕೂಳೆ, ಕೆಲವೊಮ್ಮೆ ಬರೀ ಹಗೆತನ. ಜಾಲದ ನಕ್ಷೆ ಬರೆಯುವವರಿಗೆ ಇದು ಮೊದಲ ಪಾಠ. ಸೆನ್ಸರ್ ಕಾಡು ದಟ್ಟವಾಗಿರುವಲ್ಲಿಗಿಂತ ಮನುಷ್ಯನ ಓಡಾಟ ಇರುವಲ್ಲಿ ಬೇಕು. ಹೆದ್ದಾರಿಯ ಅಂಚು, ದನ ಹೋಗುವ ದಾರಿ, ದೇವಸ್ಥಾನದ ಹಾದಿ, ಊರಿಗೆ ತಾಗಿದ ಗಡಿ, ವಿದ್ಯುತ್ ತಂತಿ ಹಾದುಹೋಗುವ ಜಾಗ. ಹಳೆಯ ಬೆಂಕಿಗಳು ಎಲ್ಲೆಲ್ಲಿ ಶುರುವಾದವು ಎಂದು ಗುರುತು ಹಾಕಿದರೆ ಅರ್ಧ ಯೋಜನೆ ಸಿದ್ಧವಾದಂತೆ.

ತಪ್ಪು ಕಲ್ಪನೆ 2: ಉಪಗ್ರಹ ಹಗಲಿರುಳೂ ನೋಡುತ್ತಿರುತ್ತದೆ, ನೆಲದ ಸೆನ್ಸರ್ ದಂಡ.

ಸತ್ಯ: ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹದ ಮಾಹಿತಿ ಆಧರಿಸಿ ದೇಶದಾದ್ಯಂತ ಬೆಂಕಿಯ ಎಚ್ಚರಿಕೆ ಕಳಿಸುತ್ತದೆ. ಹೆಸರು ನೋಂದಾಯಿಸಿಕೊಂಡವರ ಮೊಬೈಲಿಗೂ ಅದು ಬರುತ್ತದೆ. ಈ ವ್ಯವಸ್ಥೆಯ ಬೆನ್ನೆಲುಬು ಸುವೋಮಿ ಎನ್‌ಪಿಪಿಯಂಥ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಉಪಕರಣ. ಈ ಸಾಲಿನ ಉಪಗ್ರಹಗಳು ಒಂದು ಜಾಗದ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ. ಮಧ್ಯಾಹ್ನ ಮೂರೂವರೆಗೆ ಯಾರೋ ಹಚ್ಚಿದ ಬೆಂಕಿ ಇವುಗಳ ಕಣ್ಣಿಗೆ ಬೀಳುವಷ್ಟರಲ್ಲಿ ರಾತ್ರಿ ಕಳೆಯುತ್ತಿರುತ್ತದೆ.

ವಿಐಐಆರ್‌ಎಸ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 375 ಮೀಟರ್ ಚೌಕ, ಅಂದರೆ ಸುಮಾರು 35 ಎಕರೆ. ಬೆಂಕಿ ಸಾಕಷ್ಟು ಬಿಸಿಯಾಗಿದ್ದರೆ ಅಷ್ಟರೊಳಗಿನ ಸಣ್ಣ ಭಾಗವೂ ಸಿಕ್ಕಿಬೀಳುತ್ತದೆ. ಮರಗಳ ಚಪ್ಪರದಡಿ ತರಗೆಲೆಯಲ್ಲಿ ಹರಿದಾಡುವ ಸಣ್ಣ ಉರಿ ಮಾತ್ರ ತಪ್ಪಿಸಿಕೊಳ್ಳಬಹುದು. ಇನ್ಸಾಟ್-3ಡಿ ಸಾಲಿನ ಭೂಸ್ಥಿರ ಉಪಗ್ರಹ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ. ಆದರೆ ಅದರ ಚುಕ್ಕೆ 4 ಕಿ.ಮೀ. ಅಗಲ. ಒಟ್ಟಿನಲ್ಲಿ ದೊಡ್ಡ ಬೆಂಕಿಯ ಲೆಕ್ಕಕ್ಕೆ ಉಪಗ್ರಹ, ಸಣ್ಣ ಬೆಂಕಿಯ ಮೊದಲ ಸುಳಿವಿಗೆ ನೆಲದ ಜಾಲ.

ತಪ್ಪು ಕಲ್ಪನೆ 3: ಕಚೇರಿಯ ಛಾವಣಿಯಲ್ಲಿರುವ ಹೊಗೆ ಅಲಾರಂ ಅನ್ನೇ ಮರಕ್ಕೆ ಕಟ್ಟಿದರಾಯಿತು.

ಸತ್ಯ: ಕಚೇರಿಯಲ್ಲಿ ಹೊಗೆ ಮೇಲೇರಿ ಛಾವಣಿಯಡಿ ನಿಲ್ಲುತ್ತದೆ, ಅಲಾರಂ ಕೂಗುತ್ತದೆ. ಕಾಡಿಗೆ ಛಾವಣಿ ಇಲ್ಲ. ಹೊಗೆ ಗಾಳಿಯಲ್ಲಿ ತೆಳುವಾಗುತ್ತದೆ, ಅಲಾರಂ ಒಳಗೆ ಧೂಳು, ಇಬ್ಬನಿ, ಹುಳ ಸೇರಿಕೊಳ್ಳುತ್ತವೆ. ತಾಪಮಾನ ಅಳೆಯುವ ಸೆನ್ಸರ್ ಒಂದನ್ನೇ ನಂಬಿದರೂ ಕಷ್ಟ. ತರಗೆಲೆ ಬೆಂಕಿಯ ಬಿಸಿ ಕೆಲವೇ ಮೀಟರ್ ಆಚೆ ಗಣನೀಯವಾಗಿ ಕುಗ್ಗುತ್ತದೆ. ಸೆನ್ಸರ್ ಬೆಂಕಿಯನ್ನು ಗುರುತಿಸುವ ಹೊತ್ತಿಗೆ ತಾನೇ ಬೇಯುತ್ತಿರುತ್ತದೆ.

ಆದ್ದರಿಂದ ಕಾಡಿಗೆಂದೇ ಮಾಡಿದ ಸಾಧನಗಳು ಅನಿಲ ಗುರುತಿಸುವ ಸೆನ್ಸರ್ ಬಳಸುತ್ತವೆ. ಇದರಲ್ಲಿ ಲೋಹದ ಆಕ್ಸೈಡಿನ ಒಂದು ತೆಳು ಪದರ ಬಿಸಿಯಾಗಿರುತ್ತದೆ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಆವಿಯಾಗುವ ಸಾವಯವ ವಸ್ತುಗಳು ತಾಗಿದಾಗ ಅದರ ವಿದ್ಯುತ್ ನಿರೋಧ ಬದಲಾಗುತ್ತದೆ. ಜ್ವಾಲೆ ಏಳುವ ಮೊದಲು ಎಲೆ ಹೊಗೆಯಾಡುವ ಹಂತದಲ್ಲೇ ಈ ಅನಿಲಗಳು ಹೊರಬರುತ್ತವೆ. ಕಣ್ಣಿಗೆ ಕಾಣುವ ಮೊದಲೇ ಬೆಂಕಿಯನ್ನು ಹಿಡಿಯಬಹುದು ಎಂಬ ಭರವಸೆಗೆ ಆಧಾರ ಇದೇ. ಜರ್ಮನಿಯ ಡ್ರಯಾಡ್ ನೆಟ್‌ವರ್ಕ್ಸ್ ಕಂಪನಿ ಸೌರಶಕ್ತಿಯಿಂದ ನಡೆಯುವ ಇಂಥ ಸೆನ್ಸರ್‌ಗಳನ್ನು ಮಾರುತ್ತಿದೆ.

ತಪ್ಪು ಕಲ್ಪನೆ 4: ನೂರು ನೂರು ಮೀಟರಿಗೆ ಒಂದರಂತೆ ಕಾಡಿನ ತುಂಬ ಹಾಕಬೇಕು.

ಸತ್ಯ: ಲೆಕ್ಕ ಹಾಕಿ ನೋಡಿ. ಬಂಡೀಪುರದ ಕೋರ್ ಪ್ರದೇಶವೇ 870 ಚದರ ಕಿ.ಮೀ.ಗಿಂತ ಹೆಚ್ಚು. ಹೆಕ್ಟೇರಿಗೊಂದು ಎಂದರೆ 87,000 ಸೆನ್ಸರ್ ಬೇಕು. ಕೊಳ್ಳುವ ದುಡ್ಡು ಎಲ್ಲಿಂದಲೋ ಬಂದೀತು, ವರ್ಷಕ್ಕೊಮ್ಮೆ ಅಷ್ಟನ್ನೂ ಹತ್ತಿ ನೋಡುವ ಜನ ಎಲ್ಲಿಂದ ಬರಬೇಕು?

ಸಮನಾಗಿ ಹಂಚುವುದರಲ್ಲಿ ಅರ್ಥವೂ ಇಲ್ಲ, ಏಕೆಂದರೆ ಹೊಗೆ ಸಮನಾಗಿ ಹರಡುವುದಿಲ್ಲ. ಬೆಟ್ಟಗಳಲ್ಲಿ ಹಗಲು ಹೊತ್ತು ಬಿಸಿ ಗಾಳಿ ಇಳಿಜಾರಿನ ಮೇಲಕ್ಕೆ ಏರುತ್ತದೆ, ರಾತ್ರಿ ತಂಪು ಗಾಳಿ ಕಣಿವೆಗೆ ಇಳಿಯುತ್ತದೆ. ಹಗಲಿನ ಹೊಗೆ ಮೇಲಿನ ಸೆನ್ಸರ್‌ಗೂ ರಾತ್ರಿಯ ಹೊಗೆ ಹಳ್ಳದ ಸೆನ್ಸರ್‌ಗೂ ಸಿಗುತ್ತದೆ. ಅಪಾಯದ ಅಂಚುಗಳಲ್ಲಿ ಒತ್ತಾಗಿ, ಒಳಗಡೆ ವಿರಳವಾಗಿ ಕಟ್ಟಿ, ಉಳಿದ ವಿಸ್ತಾರವನ್ನು ಎತ್ತರದ ಗೋಪುರದ ಕ್ಯಾಮೆರಾಕ್ಕೆ ಒಪ್ಪಿಸುವುದು ಜಾಣತನ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ 2024ರಲ್ಲಿ ಹೊಗೆಯನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸುವ ಕ್ಯಾಮೆರಾ ವ್ಯವಸ್ಥೆ ತಂದಿತು. ಕ್ಯಾಮೆರಾಕ್ಕೂ ಮಿತಿ ಇದೆ. ಗುಡ್ಡದ ಮರೆಯ ಹೊಗೆ ಮೇಲೆದ್ದ ಮೇಲೆಯೇ ಕಾಣುವುದು. ಒಂದೇ ಕ್ಯಾಮೆರಾ ದಿಕ್ಕನ್ನು ಚೆನ್ನಾಗಿ ಹೇಳೀತು, ಜಾಗವನ್ನು ಖಚಿತವಾಗಿ ಹೇಳಲು ಎರಡು ಗೋಪುರಗಳ ನೋಟ ಸೇರಬೇಕು.

ತಪ್ಪು ಕಲ್ಪನೆ 5: ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಹಾಗಾಗಿ ಜಾಲ ನಡೆಯುವುದಿಲ್ಲ.

ಸತ್ಯ: ಸೆನ್ಸರ್ ಕಳಿಸಬೇಕಾದ್ದು ಕೆಲವೇ ಅಕ್ಷರಗಳ ಸಂದೇಶ. ಅದಕ್ಕೆ ಲೋರಾ ಎಂಬ ರೇಡಿಯೊ ವಿಧಾನ ಸಾಕು. ಭಾರತದಲ್ಲಿ 865-867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಇಂಥ ಸಾಧನಗಳಿಗೆ ತರಂಗಾಂತರದ ಪರವಾನಗಿ ಬೇಕಿಲ್ಲ. ಸೆನ್ಸರ್‌ಗಳ ಮಾತನ್ನು ಗೇಟ್‌ವೇ ಕೇಳಿಸಿಕೊಳ್ಳುತ್ತದೆ. ಅಲ್ಲಿಂದ ಮೊಬೈಲ್ ಜಾಲ, ವಯರ್‌ಲೆಸ್ ಅಥವಾ ಉಪಗ್ರಹದ ಮೂಲಕ ವಲಯ ಕಚೇರಿಗೆ ಸುದ್ದಿ ಮುಟ್ಟುತ್ತದೆ.

ಮೋಸ ಹೋಗುವುದು ಇನ್ನೊಂದು ಕಡೆ. ಪೆಟ್ಟಿಗೆಯ ಮೇಲೆ ಹತ್ತು ಹದಿನೈದು ಕಿ.ಮೀ. ಎಂದು ಬರೆದಿರುತ್ತದೆ. ಅದು ನಡುವೆ ಏನೂ ಅಡ್ಡವಿಲ್ಲದ ಬಯಲಿನ ಮಾತು. ಎಲೆಯ ನೀರು ರೇಡಿಯೊ ಅಲೆಯನ್ನು ಹೀರುತ್ತದೆ, ಗುಡ್ಡ ತಡೆಯುತ್ತದೆ. ದಟ್ಟ ಕಾಡಿನಲ್ಲಿ ಆ ದೂರ ಒಂದೆರಡು ಕಿ.ಮೀ.ಗೆ ಇಳಿದರೂ ಆಶ್ಚರ್ಯವಿಲ್ಲ. ಹಾಗಾಗಿ ಆರ್ಡರ್ ಕೊಡುವ ಮೊದಲು ಒಂದು ಗೇಟ್‌ವೇಯನ್ನು ವಾಚ್ ಟವರ್ ಮೇಲಿಟ್ಟು, ಒಂದು ಸೆನ್ಸರ್ ಹಿಡಿದು ಬೀಟ್ (ಅರಣ್ಯ ರಕ್ಷಕರ ಗಸ್ತಿನ ಪ್ರದೇಶ) ಪೂರ್ತಿ ನಡೆದು, ಎಲ್ಲಿ ಸಿಗ್ನಲ್ ಬಿಡುತ್ತದೆ ಎಂದು ಗುರುತಿಸಬೇಕು. ಒಂದೊಂದು ಸೆನ್ಸರ್ ಎರಡು ಗೇಟ್‌ವೇಗಳಿಗೆ ಕೇಳಿಸುವಂತಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.

ಎಲೆ ಉದುರುವ ಕಾಡಿನಲ್ಲಿ ಒಂದು ಅನುಕೂಲವಿದೆ. ಬೆಂಕಿಯ ಕಾಲದಲ್ಲೇ ಮರ ಬೋಳಾಗುತ್ತದೆ, ಸೋಲಾರ್ ಫಲಕಕ್ಕೆ ಬಿಸಿಲೂ ಸಿಗುತ್ತದೆ, ಸಿಗ್ನಲ್ಲೂ ಸರಾಗವಾಗುತ್ತದೆ. ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಭಾಗ್ಯವಿಲ್ಲ.

ತಪ್ಪು ಕಲ್ಪನೆ 6: ಒಮ್ಮೆ ಕಟ್ಟಿಬಂದರೆ ಹತ್ತು ವರ್ಷ ಚಿಂತೆ ಇಲ್ಲ.

ಸತ್ಯ: ಕಾಡಿನಲ್ಲಿ ಹೊಸ ವಸ್ತು ಕಂಡರೆ ಎಲ್ಲರಿಗೂ ಕುತೂಹಲ. ಸೋಲಾರ್ ಬೇಲಿಯ ಮೇಲೆಯೇ ಮರ ಉರುಳಿಸುವ ಆನೆಗೆ ಒಂಟಿ ಕಂಬ ಲೆಕ್ಕಕ್ಕಿಲ್ಲ. ಕೋತಿ ಎಳೆದಾಡುತ್ತದೆ, ಇರುವೆ ಪೆಟ್ಟಿಗೆಯೊಳಗೆ ಗೂಡು ಕಟ್ಟುತ್ತದೆ, ಗೆದ್ದಲು ತೂತು ಮುಚ್ಚುತ್ತದೆ. ಆದ್ದರಿಂದ ಹೊಸ ಕಂಬ ನೆಡುವುದಕ್ಕಿಂತ ನಿಂತ ಮರವೇ ಮೇಲು. ಸೊಂಡಿಲಿಗೆ ಎಟುಕದ ಎತ್ತರದಲ್ಲಿ, ಮರದ ಬಣ್ಣಕ್ಕೆ ಹೊಂದುವ ಪೆಟ್ಟಿಗೆ, ಮೊಳೆಯ ಬದಲು ಪಟ್ಟಿ. ಮರ ದಪ್ಪವಾದಂತೆ ಪಟ್ಟಿಯನ್ನು ಸಡಿಲಿಸಬೇಕು. ಸಂರಕ್ಷಿತ ಪ್ರದೇಶವಾದರೆ ಇಷ್ಟಕ್ಕೂ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಅನಿಲ ಸೆನ್ಸರ್‌ನ ಅಳತೆಯೂ ಕಾಲ ಕಳೆದಂತೆ ಸರಿಯುತ್ತದೆ. ತೇವ, ಬಿಸಿಲು, ಧೂಳು ಎಲ್ಲವೂ ಅದರ ಮೇಲೆ ಕೆಲಸ ಮಾಡುತ್ತವೆ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಸಿಬ್ಬಂದಿಯ ಎದುರಿನಲ್ಲೇ ಬೆಂಕಿ ಹರಡದಂತೆ ತೆರವು ಮಾಡಿದ ಬೆಂಕಿ ರೇಖೆಯೊಳಗೆ ಒಂದಿಷ್ಟು ತರಗೆಲೆಗೆ ಹೊಗೆ ಹಾಕಿ ಪರೀಕ್ಷಿಸಬೇಕು. ನಿರ್ವಹಣೆಗೆ ಹಣ ತೆಗೆದಿರಿಸದ ಜಾಲ ಉದ್ಘಾಟನೆಯ ಫೋಟೊಕ್ಕಷ್ಟೇ ಲಾಯಕ್ಕು.

ತಪ್ಪು ಕಲ್ಪನೆ 7: ಅಲಾರಂ ಬಂತೆಂದರೆ ಕಾಡಿಗೆ ಬೆಂಕಿ ಬಿದ್ದಂತೆಯೇ.

ಸತ್ಯ: ಕಾಡಂಚಿನ ಹಾಡಿಗಳಲ್ಲಿ ಸೌದೆ ಒಲೆ ಉರಿಯುತ್ತದೆ. ಬಂಡೀಪುರದೊಳಗೆ ಹಾಯುವ ಹೆದ್ದಾರಿಯಲ್ಲಿ ಹಗಲಿಡೀ ಲಾರಿಗಳ ಹೊಗೆ. 2009ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಹಗಲು ರಾತ್ರಿಯ ಗಾಳಿಯ ಗುಣವೇ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಬೇಸಿಗೆ ಏರುವ ಮೊದಲು ಇಲಾಖೆಯವರೇ ಬೆಂಕಿ ರೇಖೆಯ ಹುಲ್ಲನ್ನು ಸುಡುತ್ತಾರೆ. ಯಾವ ದಿನ ಯಾವ ರೇಖೆ ಸುಡಲಾಗುತ್ತದೆ ಎಂಬ ಪಟ್ಟಿ ಜಾಲಕ್ಕೆ ತಿಳಿಯದಿದ್ದರೆ ಜನವರಿಯಲ್ಲೇ ಫೋನುಗಳು ಹೊಡೆದುಕೊಳ್ಳಲು ಶುರು. ದಿನಕ್ಕೆ ಹತ್ತು ಸುಳ್ಳು ಕರೆ ಬಂದರೆ ಹನ್ನೊಂದನೆಯ ನಿಜವಾದ ಕರೆಗೆ ಯಾರೂ ಎದ್ದು ಹೋಗುವುದಿಲ್ಲ.

ಪರಿಹಾರ ಸರಳ. ಹೊಸ ಸೆನ್ಸರ್‌ಗೆ ಕೆಲವು ವಾರ ಆ ಜಾಗದ ಸಹಜ ಗಾಳಿಯನ್ನು ಕಲಿಯಲು ಬಿಡಬೇಕು. ಒಂದೇ ಸೆನ್ಸರ್ ಕೂಗಿದರೆ ಎಚ್ಚರಿಕೆ, ಅಕ್ಕಪಕ್ಕದ ಇನ್ನೊಂದೂ ಕೂಗಿದರೆ ಅಥವಾ ಕ್ಯಾಮೆರಾದಲ್ಲಿ ಹೊಗೆ ಕಂಡರೆ ಧಾವಿಸುವ ಕರೆ, ಹೀಗೆ ಹಂತಗಳಿರಬೇಕು. ಅದೇ ಸೆನ್ಸರ್ ದಿನವೂ ಕಳಿಸುವ ತೇವಾಂಶ, ತಾಪಮಾನದ ಅಂಕಿಗಳು ಬೆಂಕಿ ಇಲ್ಲದ ದಿನವೂ ಉಪಯುಕ್ತ. ಯಾವ ಬೀಟ್ ಹೆಚ್ಚು ಒಣಗಿದೆ ಎಂದು ನೋಡಿ ಅಲ್ಲಿಗೆ ಕಾವಲು ಹೆಚ್ಚಿಸಬಹುದು.

ತಪ್ಪು ಕಲ್ಪನೆ 8: ಸೆನ್ಸರ್ ಬಂದ ಮೇಲೆ ಫೈರ್ ವಾಚರ್‌ಗಳು ಬೇಕಿಲ್ಲ.

ಸತ್ಯ: ಎಲ್ಲಕ್ಕಿಂತ ದುಬಾರಿಯಾಗಬಲ್ಲ ಕಲ್ಪನೆ ಇದು. ಸೆನ್ಸರ್ ಕೊಡುವುದು ಸಮಯವನ್ನಷ್ಟೇ. ಬೆಂಕಿ ಆರಿಸುವುದು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವ, ಬ್ಲೋವರ್ ಹೊತ್ತು ನಡೆಯುವ ಜನ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆ ಮೇಲೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ನೆಚ್ಚಿಕೊಂಡ ಲೆಕ್ಕ. ಹತ್ತು ನಿಮಿಷಕ್ಕೆ ಸುದ್ದಿ ಬಂದು, ತಂಡ ತಲುಪಲು ಎರಡು ಗಂಟೆ ಹಿಡಿದರೆ ಆ ಹತ್ತು ನಿಮಿಷದಿಂದ ಏನೂ ಗಿಟ್ಟಲಿಲ್ಲ. ಹಾಗಾಗಿ ಯೋಜನೆಯನ್ನು ಕೊನೆಯಿಂದ ಶುರುಮಾಡಬೇಕು. ಯಾವ ಶಿಬಿರದಿಂದ ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಮುಟ್ಟಬಹುದು ಎಂದು ಮೊದಲು ಅಳೆದು, ಆಮೇಲೆ ಸೆನ್ಸರ್‌ನ ಜಾಗ ನಿರ್ಧರಿಸಬೇಕು.

ಕಾಡಿನ ಜನರ ಅರಿವೂ ಇದರಲ್ಲಿ ಸೇರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಏರುವ ಮೊದಲೇ ‘ತರಗು ಬೆಂಕಿ’ ಹಾಕಿ ನೆಲದ ಒಣಎಲೆಯನ್ನು ತೆಳುವಾಗಿ ಸುಡುತ್ತಿದ್ದರು. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಆ ರೂಢಿ ನಿಂತಿತು. ಲಂಟಾನ ಪೊದೆ ಈ ಪರಿ ಹಬ್ಬಲು ಅದೂ ಒಂದು ಕಾರಣ ಎನ್ನುತ್ತಾರೆ ಸೋಲಿಗರು. ಲಂಟಾನ ಒಣಗಿ ನಿಂತಲ್ಲಿ ನೆಲದ ಬೆಂಕಿ ಸುಲಭವಾಗಿ ಮೇಲೆ ಹತ್ತುತ್ತದೆ. ನೆಲದ ಮೇಲಿನ ಈ ಉರುವಲು ಕಡಿಮೆಯಾಗದೆ ಯಾವ ಜಾಲವೂ ಕಾಡನ್ನು ಉಳಿಸದು. ಯಾವ ಹಾದಿಯಲ್ಲಿ ಜನ ಓಡಾಡುತ್ತಾರೆ, ಯಾವ ಹಳ್ಳದಲ್ಲಿ ಗಾಳಿ ತಿರುಗುತ್ತದೆ ಎಂದು ಕಾಡಿನ ಜನರಷ್ಟು ಚೆನ್ನಾಗಿ ಯಾವ ನಕ್ಷೆಯೂ ಹೇಳದು.

ಹಾಗಾಗಿ ನಿಮ್ಮ ಭಾಗದ ಕಾಡಿಗೆ ಸೆನ್ಸರ್ ಬರುತ್ತಿದೆ ಎಂಬ ಸುದ್ದಿ ಓದಿದರೆ ಮೂರು ಪ್ರಶ್ನೆ ಕೇಳಿ: ಅಲಾರಂ ಯಾರ ಫೋನಿಗೆ ಬರುತ್ತದೆ? ಅವರು ಎಷ್ಟು ಹೊತ್ತಿನಲ್ಲಿ ಸ್ಥಳಕ್ಕೆ ಮುಟ್ಟುತ್ತಾರೆ? ಮುಂದಿನ ವರ್ಷದ ನಿರ್ವಹಣೆಗೆ ಹಣ ಎಲ್ಲಿದೆ? ಈ ಮೂರಕ್ಕೂ ಉತ್ತರವಿದ್ದರೆ ಆ ಯೋಜನೆಯನ್ನು ನಂಬಬಹುದು. ಅಲ್ಲಿಯವರೆಗೆ, ಬೇಸಿಗೆಯಲ್ಲಿ ಕಾಡಿನ ದಾರಿ ಹಿಡಿದವರು ಬೀಡಿ-ಸಿಗರೇಟು ಹಚ್ಚಬೇಡಿ, ಒಲೆ ಹೂಡಬೇಡಿ. ಹೊಗೆ ಕಂಡರೆ ವಿಡಿಯೊ ತೆಗೆಯುತ್ತ ನಿಲ್ಲದೆ ಹತ್ತಿರದ ಅರಣ್ಯ ಚೆಕ್‌ಪೋಸ್ಟಿಗೆ ತಿಳಿಸಿ, ಇಲ್ಲವೇ 112ಕ್ಕೆ ಕರೆ ಮಾಡಿ.