ಮೊಬೈಲ್ ಸಂದೇಶಕ್ಕೆ ಉತ್ತರ: ವೇಳೆ, ಮರ್ಯಾದೆ ಮತ್ತು ಹೊಣೆ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಅಡತ್ ಅಂಗಡಿಗಳಲ್ಲಿ ತೊಗರಿಯ ದರ ಕೇಳುವುದೂ ಹೇಳುವುದೂ ಇಂದು ಬಹುಮಟ್ಟಿಗೆ ವಾಟ್ಸಾಪ್‌ನಲ್ಲಿಯೇ. ಶಹಾಬಾದ್, ವಾಡಿಯ ಫರಸಿ ಪಾಲಿಶ್ ಘಟಕಗಳಿಗೆ ಪರಊರಿನ ಗುತ್ತಿಗೆದಾರರು ಅಳತೆ, ದಪ್ಪಗಳನ್ನು ಸಂದೇಶದಲ್ಲೇ ಕಳುಹಿಸುತ್ತಾರೆ. ಹಿಂದೆ ಪತ್ರ ಬಂದರೆ ಮರುಟಪಾಲಿಗೆ ಉತ್ತರಿಸುವುದು ಪೇಢಿಯ ಮರ್ಯಾದೆಯಾಗಿತ್ತು. ಸಂದೇಶಕ್ಕೆ ಅಂಥ ಪದ್ಧತಿ ಇನ್ನೂ ನೆಲೆಗೊಂಡಿಲ್ಲ. ಬೆಳಿಗ್ಗೆ ಹತ್ತಕ್ಕೆ ತಿಳಿಸಿದ ದರಕ್ಕೆ ಸಂಜೆ ಆರಕ್ಕೆ ‘ಆಯಿತು’ ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಪೇಟೆ ಏರಿರುತ್ತದೆ. ತಕರಾರು ಇಲ್ಲಿಂದಲೇ ಆರಂಭ.

1872ರ ಭಾರತೀಯ ಕರಾರು ಕಾಯ್ದೆಯ 6ನೇ ಕಲಮಿನಂತೆ, ಪ್ರಸ್ತಾಪದಲ್ಲಿ ಗಡುವಿದ್ದರೆ ಅದು ಮುಗಿದೊಡನೆ, ಇಲ್ಲದಿದ್ದರೆ ಸಮಂಜಸ ಕಾಲ ಕಳೆದೊಡನೆ ಪ್ರಸ್ತಾಪ ಬಿದ್ದುಹೋಗುತ್ತದೆ. ದಿನದೊಳಗೇ ದರ ಬದಲಾಗುವ ತೊಗರಿಗೂ ದರ ಅಷ್ಟು ಬೇಗ ಕದಲದ ಫರಸಿಗೂ ಸಮಂಜಸ ಕಾಲ ಒಂದೇ ಆಗಲಾರದು. ಆದುದರಿಂದ ದರದ ಜೊತೆಗೇ ‘ಮಧ್ಯಾಹ್ನ 2 ಗಂಟೆಯವರೆಗೆ ಮಾತ್ರ’ ಎಂದು ಬರೆಯುವುದು ಲೇಸು. ಉತ್ತರಿಸಲು ಪುರಸೊತ್ತಿಲ್ಲದವರು ‘ಸಂಜೆ ತಿಳಿಸುತ್ತೇವೆ’ ಎಂದಾದರೂ ಬರೆಯಬೇಕು. ನೀಲಿ ಟಿಕ್ ಓದಿದ್ದಕ್ಕೆ ಗುರುತೇ ಹೊರತು ಒಪ್ಪಿಗೆಯಲ್ಲ. ಆದರೆ ‘ನೋಡಲೇ ಇಲ್ಲ’ ಎನ್ನುವುದೂ ಕಷ್ಟ; 2018ರಲ್ಲಿ ಬಾಂಬೆ ಹೈಕೋರ್ಟ್ ಅದೇ ಗುರುತನ್ನು ನೋಟಿಸ್ ತಲುಪಿದ್ದಕ್ಕೆ ಆಧಾರವಾಗಿ ಪರಿಗಣಿಸಿತು.

ಹೆಬ್ಬೆರಳಿನ ಚಿತ್ರವಂತೂ ಇನ್ನೂ ಅಪಾಯಕಾರಿ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಗಸೆ ಖರೀದಿಯ ಕರಾರಿನ ಫೋಟೊಕ್ಕೆ ರೈತನೊಬ್ಬ 2021ರಲ್ಲಿ ಹೆಬ್ಬೆರಳನ್ನಷ್ಟೇ ಕಳುಹಿಸಿದ. ದರ ಏರಿತು, ಮಾಲು ಬರಲಿಲ್ಲ. ಅದು ಸಹಿಗೆ ಸಮವೆಂದು 2023ರಲ್ಲಿ ನ್ಯಾಯಾಲಯ ತೀರ್ಪಿತ್ತು, 82,000 ಡಾಲರಿಗೂ ಮಿಕ್ಕಿ ಪರಿಹಾರ ವಿಧಿಸಿತು. ನಮ್ಮ ನ್ಯಾಯಾಲಯಗಳಿಗೆ ಆ ತೀರ್ಪು ಬಂಧನಕಾರಿಯಲ್ಲ. ಆದರೂ ‘ತಲುಪಿತು’ ಎನ್ನಲು ‘ತಲುಪಿತು’ ಎಂದೇ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಸಣ್ಣ ಉತ್ಪಾದಕರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪಣೆ ಎತ್ತದಿದ್ದರೆ, ತಲುಪಿದ ದಿನವೇ ಮಾಲನ್ನು ಒಪ್ಪಿಕೊಂಡಂತೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮಿನಂತೆ, ಮುಂದೆ ನೋಡಲು ಸಿಗುವ ವಿದ್ಯುನ್ಮಾನ ದಾಖಲೆಯೂ ಲಿಖಿತವೇ. ಫೋನಿನಲ್ಲಿ ‘ಫರಸಿ ಒಡೆದಿದೆ’ ಎಂದು ಕೂಗಾಡಿದ್ದು ಲೆಕ್ಕಕ್ಕಿಲ್ಲ. ಫೋಟೊ ಸಹಿತ ಸಂದೇಶ ಲೆಕ್ಕಕ್ಕಿದೆ. ಮಾರಾಟಗಾರನೂ ಅದಕ್ಕೆ ಸುಮ್ಮನಿರಬಾರದು: ಆಕ್ಷೇಪಣೆ ನಿವಾರಣೆಯಾದ ದಿನದಿಂದಲೇ ಪಾವತಿಯ ಗಡುವು ಎಣಿಕೆಗೆ ಬರುತ್ತದೆ. ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಲ್ಲದೆ, 2024-25ನೇ ಕರ ನಿರ್ಧಾರಣಾ ವರ್ಷದಿಂದ, ಗಡುವು ಮೀರಿ ವರ್ಷಾಂತ್ಯಕ್ಕೂ ಉಳಿದ ಬಾಕಿಯನ್ನು ಖರೀದಿದಾರ ಪಾವತಿಸುವವರೆಗೆ ಖರ್ಚಾಗಿ ಕಳೆಯುವಂತಿಲ್ಲ. ಒಂದು ಮಾತು: ಉದ್ಯಮ್ ನೋಂದಣಿ ಇದ್ದರೂ ಬರೀ ವ್ಯಾಪಾರಿಗೆ ಈ ಪಾವತಿ ರಕ್ಷಣೆ ದೊರೆಯುವುದಿಲ್ಲ.

ಇ-ವೇ ಬಿಲ್‌ನದೂ ಇದೇ ರೀತಿ. ಮಾಲು ಪಡೆಯುವವ 72 ಗಂಟೆಗಳೊಳಗೆ ನಿರಾಕರಿಸದಿದ್ದರೆ ಒಪ್ಪಿದಂತೆಯೇ.

ಸಂದೇಶವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಸಂದೇಶ ತಾನಾಗಿ ಅಳಿಸಿಹೋಗುವ ವ್ಯವಸ್ಥೆಯನ್ನು ವ್ಯವಹಾರದ ಸಂಖ್ಯೆಯಲ್ಲಿ ನಿಲ್ಲಿಸಿಡಬೇಕು. ಬಾಕಿ ವಸೂಲಾಗುವವರೆಗೆ ಹಳೆಯ ಫೋನನ್ನು ಮಾರಬಾರದು.