ಬ್ಯಾಡಗಿಯಲ್ಲಿ ಕಂಡ 2040

ಉಪೇಂದ್ರ ಅವರ ‘ಯುಐ’ ತೆರೆಕಂಡದ್ದು 2024ರ ಡಿಸೆಂಬರ್ 20ರಂದು. ಬಿಡುಗಡೆಗೆ ಮುನ್ನ ಬಂದ ‘ವಾರ್ನರ್’ ತುಣುಕಿನಲ್ಲಿ 2040ರ ಲೋಕ: ಯುದ್ಧ, ಬೆಲೆಯೇರಿಕೆ, ನಿರುದ್ಯೋಗ. ಅಷ್ಟಾದರೂ ಜಾತಿ-ಧರ್ಮದ ಜಗಳ ನಿಂತಿಲ್ಲ! ಚಿತ್ರದಲ್ಲಿ ಒಂದೇ ಮುಖದ ಇಬ್ಬರು. ಸತ್ಯ ಒಳ್ಳೆಯವನು, ಕಲ್ಕಿ ಸರ್ವಾಧಿಕಾರಿ. ಕಲ್ಕಿಗಿಂತ, ಅವನ ಬೆನ್ನಿಗೆ ನಿಲ್ಲುವ ಜನರೇ ನನ್ನನ್ನು ಹೆಚ್ಚು ಕಾಡಿದ್ದು.

ಗುಂಪಿನ ಸಿಟ್ಟು ಎಂಥದ್ದೆಂದು ಬ್ಯಾಡಗಿ ಪಕ್ಕದ ಕದರಮಂಡಲಗಿ ಊರಿನವರಿಗೆ ಯಾವ ಸಿನಿಮಾವೂ ಹೇಳಿಕೊಡಬೇಕಿಲ್ಲ. 2024ರ ಮಾರ್ಚ್ 11, ಬ್ಯಾಡಗಿ ಎಪಿಎಂಸಿ ಮಾರುಕಟ್ಟೆ. ಮೆಣಸಿನಕಾಯಿ ದರ ದಿಢೀರ್ ಕುಸಿಯಿತು. ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಹೊತ್ತಿ ಉರಿದವು. ಸಿಟ್ಟಿಗೆದ್ದ ರೈತರು ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಬಿತ್ತಿ, ಬಿಡಿಸಿ, ಒಣಗಿಸಿ ತಂದ ಚೀಲದ ಬೆಲೆಯನ್ನು ಟೆಂಡರಿನಲ್ಲಿ ಬರೆಯುವವರು ಖರೀದಿದಾರರು. ಬೆಳೆದವನು ಬರೀ ಕಾಯಬೇಕು.