ಕುಮಾರರಾಮನ ಕಥೆಯಲ್ಲಿ ಶರಣಾಗತರಕ್ಷಣೆ

ಪರರ ಆಕ್ರಮಣಕ್ಕೆ ಸಿಕ್ಕಿದ ಜನಾಂಗವು ಕಾವ್ಯದಲ್ಲಿ ತನ್ನ ಸ್ವತ್ವವನ್ನು ಕಾಯ್ದುಕೊಂಡ ಬಗೆಗೆ ಪಂಡಿತರು ಪಾರಸಿಕರ ಷಾಹನಾಮೆಯನ್ನು ನಿದರ್ಶನವಾಗಿ ಕೊಡುವರು. ಅರಬರು ಇರಾನವನ್ನು ಗೆದ್ದು ಮೂರೂವರೆ ಶತಮಾನಗಳು ಕಳೆದ ಮೇಲೆ, ಕ್ರಿ. ಶ. 1010 ರಲ್ಲಿ, ಫಿರ್ದೌಸಿಯು ಅದನ್ನು ಮುಗಿಸಿದನು. ಕನ್ನಡದಲ್ಲಿ ಇದಕ್ಕೆ ಸಮೀಪವಾದುವು ಕುಮಾರರಾಮನ ಸಾಂಗತ್ಯಗಳು. ಕಥೆ ನಡೆದ ನೆಲ ಕಂಪಿಲಿ, ಕುಮ್ಮಟ ಮತ್ತು ಕೂಡ್ಲಿಗಿಯ ಸೀಮೆಗೆ ತಾಗಿದ ಸಂಡೂರು ಬೆಟ್ಟಗಳ ಹೊಸಮಲೆ.

ಮೊದಲು ಚರಿತ್ರೆ. ಮಹಮ್ಮದ ಬಿನ್ ತುಗಲಕನ ಮೇಲೆ ದಂಗೆಯೆದ್ದು ಸೋತ ಬಹಾಉದ್ದೀನ ಗುರ್ಶಾಸ್ಪನು ಕಂಪಿಲರಾಯನ ಮರೆಹೊಕ್ಕನು. ಈತನು ಸುಲ್ತಾನನಿಗೆ ಸೋದರತ್ತೆಯ ಮಗ. ಅವನನ್ನು ಒಪ್ಪಿಸಲೊಲ್ಲದ ರಾಯನು 1327 ರ ಸುಮಾರಿನಲ್ಲಿ ರಾಜ್ಯವನ್ನೂ ಪ್ರಾಣವನ್ನೂ ನೀಗಿದನು. ಇಬನ್ ಬತೂತನು ಇದನ್ನು ಅರಬ್ಬಿಯಲ್ಲಿ ವಿವರಿಸಿದ್ದಾನೆ: ಕೋಟೆ ನಿಲ್ಲದೆಂದು ತಿಳಿದ ರಾಯನು ಅತಿಥಿಯನ್ನು ಮುಂಚಿತವಾಗಿ ಬೇರೊಬ್ಬ ಅರಸನಲ್ಲಿಗೆ ಕಳುಹಿಸಿದನಂತೆ, ಅಂತಃಪುರದವರು ಅಗ್ನಿಪ್ರವೇಶ ಮಾಡಿದ ಬಳಿಕ ತಾನು ರಣಕ್ಕಿಳಿದನಂತೆ. ಬತೂತನು ಸುಲ್ತಾನನ ಸೇವೆಯಲ್ಲಿದ್ದವನು, ಸೆರೆಹೋದ ರಾಜಪುತ್ರರಲ್ಲಿ ಮೂವರನ್ನು ಕಣ್ಣಾರೆ ಕಂಡವನು. ಪ್ರತಿಪಕ್ಷದಿಂದ ಬಂದ ಈ ಪ್ರಶಂಸೆಗೆ ಬೆಲೆ ಹೆಚ್ಚು.

ಸುಮಾರು ಇನ್ನೂರು ವರ್ಷಗಳ ತರುವಾಯ, 16ನೆಯ ಶತಮಾನದಲ್ಲಿ, ನಂಜುಂಡಕವಿಯು ಈ ಕಥೆಯನ್ನು ಹಾಡಿದನು. ಅಲ್ಲಿ ಕೀರ್ತಿಯು ತಂದೆಯಿಂದ ಮಗನಿಗೆ ಸಂದಿದೆ. ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿ, ಅವಳ ದೂರಿನಿಂದ ತಂದೆಯ ಕ್ರೋಧಕ್ಕೆ ಗುರಿಯಾಗಿ, ಮಂತ್ರಿಯ ಉಪಾಯದಿಂದ ಉಳಿದ ರಾಮನೇ ದಿಲ್ಲಿಯ ದಂಡನ್ನು ಎದುರಿಸುವನು. ಮಲತಾಯಿಯ ಪ್ರಸಂಗವು ಯುದ್ಧಕಥೆಗೆ ಅಪ್ರಸ್ತುತವೆಂದು ಆಕ್ಷೇಪಿಸುವವರುಂಟು. ನಮಗೆ ಹಾಗೆ ತೋರದು. ಮನೆಯೊಳಗಿನ ಆಮಿಷಕ್ಕೆ ಮಣಿಯದವನೇ ಹೊರಗಿನ ಬಲಕ್ಕೂ ಮಣಿಯಲಾರನು. ಸೋತ ನಾಡಿಗೆ ಕೋಟೆ, ಬೊಕ್ಕಸಗಳು ಉಳಿಯಲಿಲ್ಲ. ಕೊಟ್ಟ ಭಾಷೆ ಮತ್ತು ಪರನಾರೀಸಹೋದರನೆಂಬ ಬಿರುದನ್ನು ಕವಿ ಉಳಿಸಿಕೊಟ್ಟನು. ಅವನು ಆರಿಸಿದ ಛಂದಸ್ಸೂ ಗಮನಾರ್ಹ. ಚಂಪುವನ್ನು ಓದಲು ಪಂಡಿತನು ಬೇಕು, ಸಾಂಗತ್ಯಕ್ಕೆ ಕಂಠವೊಂದು ಸಾಕು. ದೂರದ ಮಲೆನಾಡಿನಲ್ಲಿಯೂ ಕುಮಾರರಾಮನ ಮರದ ಮುಖಗಳಿಗೆ ಪೂಜೆ ಸಲ್ಲುತ್ತದೆ.

ಇದನ್ನು ಕೇವಲ ಮತಯುದ್ಧದ ಕಥೆಯಾಗಿ ಓದುವವರು, ಯಾರಿಗಾಗಿ ಕಂಪಿಲಿ ಅಳಿಯಿತೋ ಆ ಶರಣಾಗತನು ಮುಸಲ್ಮಾನನೆಂಬುದನ್ನು ಮರೆಯುತ್ತಾರೆ. ಪಾರಸಿಕ ಕಾವ್ಯವೂ ಸುಲ್ತಾನನ ಪಕ್ಷಕ್ಕೆ ನಿಲ್ಲಲಿಲ್ಲ. ಇವನೇ ದಿಲ್ಲಿಯ ಜನರನ್ನು ದೌಲತಾಬಾದಿಗೆ ಹೊರಡಿಸಿದಾಗ ಇಸಾಮಿಯೆಂಬ ಕವಿಯ ತೊಂಬತ್ತು ವರ್ಷದ ಅಜ್ಜನು ದಾರಿಯಲ್ಲಿಯೇ ತೀರಿಕೊಂಡನು. ಆ ಮೊಮ್ಮಗನು ಬಹಮನಿ ರಾಜ್ಯಸ್ಥಾಪಕನ ಆಶ್ರಯದಲ್ಲಿ, 1350 ರಲ್ಲಿ, ಷಾಹನಾಮೆಯ ಛಂದಸ್ಸಿನಲ್ಲಿಯೇ ‘ಫುತೂಹ್-ಉಸ್-ಸಲಾತೀನ್’ ಕಾವ್ಯವನ್ನು ರಚಿಸಿ ತುಗಲಕನನ್ನು ಕಟುವಾಗಿ ನಿಂದಿಸಿದ್ದಾನೆ.